‘ನೋಡಲೇ ಇಲ್ಲ ಸಾರ್’: ಫೋನ್ ಹಿಡಿದ ಚಾಲಕ, ಸೈಕಲ್ ಸವಾರ ಮತ್ತು ಕಾನೂನಿನ ತಕ್ಕಡಿ

ಚಳಿಗಾಲದ ಒಂದು ಭಾನುವಾರ, ಬೆಳಗ್ಗೆ ಐದೂವರೆ. ದೇವನಹಳ್ಳಿ ದಾಟಿ ನಂದಿ ಬೆಟ್ಟದ ಕಡೆ ಸೈಕಲ್ ತುಳಿಯುತ್ತಿದ್ದೆ. ಹಿಂದಿನಿಂದ ಬಂದ ಕಾರಿನ ಕನ್ನಡಿ ನನ್ನ ಮೊಣಕೈಗೆ ಸವರಿಕೊಂಡು ಹೋಯಿತು. ಬಿದ್ದೆ. ಪುಣ್ಯಕ್ಕೆ ಡಾಂಬರಿನ ಮೇಲಲ್ಲ, ಪಕ್ಕದ ಮಣ್ಣಿನ ಮೇಲೆ. ಐವತ್ತು ಹೆಜ್ಜೆ ಮುಂದೆ ಕಾರು ನಿಂತಿತು. ಇಳಿದು ಓಡಿ ಬಂದ ಹುಡುಗನ ಕೈಯಲ್ಲಿ ಫೋನ್ ಇನ್ನೂ ಬೆಳಗುತ್ತಿತ್ತು. ಪರದೆ ಮೇಲೆ ಯಾರದೋ ಮದುವೆಯ ಫೋಟೊ. ‘ನೋಡಲೇ ಇಲ್ಲ ಸಾರ್, ನಿಜವಾಗ್ಲೂ’ ಅಂದ. ನನ್ನ ಸೈಕಲ್ಲಿನ ಹಿಂದಿನ ಕೆಂಪು ದೀಪ ಬಿದ್ದ ಮೇಲೂ ಮಿನುಗುತ್ತಲೇ ಇತ್ತು.

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನ್ನಿಸಲಿಲ್ಲ. ಆದರೆ ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತು. ರಸ್ತೆ ಅಪಘಾತದ ಎಷ್ಟೋ ಕೇಸುಗಳಲ್ಲಿ ಚಾಲಕ ಹೇಳುವುದು ಇದನ್ನೇ. ‘ನೋಡಲಿಲ್ಲ’ ಅನ್ನುವುದಕ್ಕೆ ಮಿದುಳಿನ ಲೆಕ್ಕದಲ್ಲಿ ಏನು ಅರ್ಥ? ಕೋರ್ಟಿನಲ್ಲಿ ಅದು ತಪ್ಪೊಪ್ಪಿಗೆಯೋ, ನೆಪವೋ? ಸೈಕಲ್ ಸವಾರ ಸತ್ತರೆ ಅವನ ಮನೆಯವರಿಗೆ ಏನು ಸಿಗುತ್ತದೆ? ಒಂದೊಂದಾಗಿ ಬಿಡಿಸಿ ನೋಡೋಣ.

ಕಣ್ಣು ಅಲ್ಲೇ ಇತ್ತು, ಗಮನ ಇರಲಿಲ್ಲ

ಗಾಡಿ ಓಡಿಸುವಾಗ ಗಮನ ಮೂರು ದಾರಿಯಲ್ಲಿ ತಪ್ಪುತ್ತದೆ. ಕಣ್ಣು ರಸ್ತೆ ಬಿಟ್ಟು ಫೋನಿನ ಕಡೆ ಹೋಗುತ್ತದೆ. ಕೈ ಸ್ಟೀರಿಂಗ್ ಬಿಟ್ಟು ನೀರಿನ ಬಾಟಲಿ ಹುಡುಕುತ್ತದೆ. ಮೂರನೆಯದು, ಕಣ್ಣು ಕೈ ಎರಡೂ ಇರಬೇಕಾದಲ್ಲೇ ಇದ್ದು ಮನಸ್ಸು ಮಾತ್ರ ಬೇರೆಲ್ಲೋ ಇರುತ್ತದೆ. ಮೆಸೇಜ್ ಟೈಪ್ ಮಾಡುವಾಗ ಮೂರೂ ಒಟ್ಟಿಗೆ ತಪ್ಪುತ್ತವೆ. ಅದಕ್ಕೇ ಅದು ಎಲ್ಲಕ್ಕಿಂತ ಅಪಾಯ.

ಮೂರನೆಯದನ್ನು ನಂಬುವುದು ಜನಕ್ಕೆ ಕಷ್ಟ. ‘ಬ್ಲೂಟೂತ್ ಹಾಕಿಕೊಂಡಿದ್ದೀನಿ, ಕೈ ಖಾಲಿ ಇದೆ, ಕಣ್ಣು ರಸ್ತೆ ಮೇಲೇ ಇದೆ, ಏನು ತೊಂದರೆ?’ ಅಂತ ಕೇಳುತ್ತಾರೆ. ಮನೆಯ ಒಂದು ಉದಾಹರಣೆ ನೋಡಿ. ಒಲೆ ಮೇಲೆ ಹಾಲಿಟ್ಟು, ಅದರ ಎದುರಿಗೇ ನಿಂತು ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಿರುತ್ತೀರಿ. ಕಣ್ಣು ಪಾತ್ರೆ ಮೇಲೇ ಇರುತ್ತದೆ. ಹಾಲು ಉಕ್ಕಿ ಒಲೆ ಆರಿದ ಮೇಲೆ ಗೊತ್ತಾಗುತ್ತದೆ. ಕಣ್ಣಿಗೆ ಬಿದ್ದದ್ದೆಲ್ಲ ಮಿದುಳಿಗೆ ಮುಟ್ಟುವುದಿಲ್ಲ. ಮಿದುಳು ಯಾವುದಕ್ಕೆ ಗಮನ ಕೊಟ್ಟಿದೆಯೋ ಅದು ಮಾತ್ರ ಮುಟ್ಟುತ್ತದೆ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಹೆಸರುವಾಸಿಯಾದ ಒಂದು ಪ್ರಯೋಗವಿದೆ. 1999ರಲ್ಲಿ ಅಮೆರಿಕದಲ್ಲಿ ನಡೆದದ್ದು. ಕೆಲವರು ಚೆಂಡು ಪಾಸ್ ಮಾಡುವ ವಿಡಿಯೊ ತೋರಿಸಿ, ಎಷ್ಟು ಸಲ ಪಾಸ್ ಆಯಿತು ಎಣಿಸಿ ಅಂದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು, ಎದೆ ಬಡಿದುಕೊಂಡು ಹೋದರು. ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಗೊರಿಲ್ಲಾ ಕಾಣಿಸಲೇ ಇಲ್ಲ. ಎಣಿಸುವುದರಲ್ಲಿ ಮುಳುಗಿದ್ದರು. ಅಷ್ಟು ದೊಡ್ಡ ಗೊರಿಲ್ಲಾನೇ ಕಾಣಿಸದ ಮೇಲೆ ರಸ್ತೆ ಅಂಚಿನಲ್ಲಿ ತೆಳ್ಳಗೆ ಹೋಗುವ ಸೈಕಲ್ ಯಾವ ಲೆಕ್ಕ, ಅಲ್ವಾ?

ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದಕ್ಕೂ ಫೋನಿನಲ್ಲಿ ಮಾತಾಡುವುದಕ್ಕೂ ವ್ಯತ್ಯಾಸ ಇದೆ. ಪಕ್ಕದವರಿಗೂ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದರೆ ತಾವಾಗಿಯೇ ಮಾತು ನಿಲ್ಲಿಸುತ್ತಾರೆ, ಕೆಲವರು ‘ಏಯ್, ನೋಡು’ ಅಂತ ಕೂಗುತ್ತಾರೆ. ಫೋನಿನ ಆ ಕಡೆ ಇರುವವರಿಗೆ ಏನೂ ಕಾಣುವುದಿಲ್ಲ, ಅವರು ಮಾತಾಡುತ್ತಲೇ ಇರುತ್ತಾರೆ. ಫೋನ್ ಬಳಸುತ್ತಾ ಗಾಡಿ ಓಡಿಸುವವರು ಅಪಘಾತಕ್ಕೆ ಸಿಗುವ ಸಾಧ್ಯತೆ ಸುಮಾರು 4 ಪಟ್ಟು ಜಾಸ್ತಿ, ಹ್ಯಾಂಡ್ಸ್‌ಫ್ರೀ ಹಾಕಿಕೊಂಡರೂ ದೊಡ್ಡ ಲಾಭವೇನಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಎರಡು ಸೆಕೆಂಡಿಗೆ ಮೂರು ಬಸ್ಸು

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ‘ಸುಮ್ನೆ ಒಂದು ಸಲ ನೋಡಿದೆ’ ಅನ್ನುವುದಕ್ಕೆ ಎರಡು ಸೆಕೆಂಡು ಹಿಡಿದರೆ 33 ಮೀಟರ್. ಬಿಎಂಟಿಸಿಯ ಮೂರು ದೊಡ್ಡ ಬಸ್ಸು ಒಂದರ ಹಿಂದೆ ಒಂದು ನಿಂತರೆ ಹೆಚ್ಚುಕಡಿಮೆ ಅಷ್ಟು ಉದ್ದ. ಅಷ್ಟು ದೂರ ಗಾಡಿ ಕಣ್ಣುಮುಚ್ಚಿಕೊಂಡು ಹೋಗಿರುತ್ತದೆ.

ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಲೆ ಎತ್ತಿ, ಮುಂದೆ ಸೈಕಲ್ ಇದೆ ಅಂತ ಅರ್ಥವಾಗಿ, ಕಾಲು ಬ್ರೇಕಿಗೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಬೇಕು. ಅಂದರೆ ಇನ್ನೊಂದು 25 ಮೀಟರ್. ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರ್. ರಸ್ತೆ ನೋಡುತ್ತಿದ್ದವನು 45 ಮೀಟರಿನಲ್ಲಿ ನಿಲ್ಲಿಸುತ್ತಾನೆ. ಫೋನ್ ನೋಡಿದವನಿಗೆ ಅದೇ ಗಾಡಿ ನಿಲ್ಲಿಸಲು 78 ಮೀಟರ್ ಬೇಕು. ಮಳೆ ಬಂದಿದ್ದರೆ ಇನ್ನೂ ಜಾಸ್ತಿ.

ಡಿಕ್ಕಿಯಾಗುವ ಹೊತ್ತಿಗೆ ವೇಗ ಎಷ್ಟಿತ್ತು ಅನ್ನುವುದರ ಮೇಲೆ ಜೀವ ಉಳಿಯುವುದು ನಿಂತಿದೆ. ಕಾರಿನ ಮುಂಭಾಗ ನಡೆದುಹೋಗುವವರಿಗೆ ಹೊಡೆದಾಗ, ವೇಗ 50ರಿಂದ 65ಕ್ಕೆ ಏರಿದರೆ ಸಾವಿನ ಸಾಧ್ಯತೆ ನಾಲ್ಕೂವರೆ ಪಟ್ಟಾಗುತ್ತದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸೈಕಲ್ಲಿನವರಿಗೂ ಸುತ್ತ ತಗಡಿನ ಗೂಡಿಲ್ಲ, ಏರ್‌ಬ್ಯಾಗ್ ಇಲ್ಲ. ಬ್ರೇಕ್ ಹಾಕದೆ ಗುದ್ದುವುದಕ್ಕೂ, ಅರ್ಧ ಬ್ರೇಕ್ ಹಾಕಿ ಗುದ್ದುವುದಕ್ಕೂ ಇರುವ ವ್ಯತ್ಯಾಸ ಎಷ್ಟೋ ಸಲ ಐಸಿಯುಗೂ ಶವಾಗಾರಕ್ಕೂ ಇರುವ ವ್ಯತ್ಯಾಸ.

ಸುದ್ದಿಯಾಗುವ ಸೈಕಲ್, ಸುದ್ದಿಯಾಗದ ಸೈಕಲ್

2024ರ ಫೆಬ್ರುವರಿ 28ರ ಬೆಳಗಿನ ಜಾವ ನವಿ ಮುಂಬೈನ ಪಾಮ್ ಬೀಚ್ ರಸ್ತೆಯಲ್ಲಿ ಇಂಟೆಲ್ ಇಂಡಿಯಾದ ಮಾಜಿ ಮುಖ್ಯಸ್ಥ ಅವತಾರ್ ಸೈನಿ ಗೆಳೆಯರ ಜೊತೆ ಸೈಕಲ್ ತುಳಿಯುತ್ತಿದ್ದರು. ಹಿಂದಿನಿಂದ ಬಂದ ಟ್ಯಾಕ್ಸಿ ಗುದ್ದಿ ತೀರಿಕೊಂಡರು. ಕಂಪ್ಯೂಟರ್ ಚಿಪ್ ಜಗತ್ತಿನ ದೊಡ್ಡ ಹೆಸರು. ದೇಶವೆಲ್ಲ ಸುದ್ದಿಯಾಯಿತು.

ಆದರೆ ನಮ್ಮ ರಸ್ತೆಗಳಲ್ಲಿ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು ಹೆಲ್ಮೆಟ್, ಬಣ್ಣದ ಜೆರ್ಸಿ ಹಾಕಿಕೊಂಡು ಭಾನುವಾರ ಹೊರಡುವ ನನ್ನಂಥವರಲ್ಲ. ಗಾರೆ ಕೆಲಸಕ್ಕೆ ಹೋಗುವವರು, ರಾತ್ರಿ ಪಾಳಿಯ ವಾಚ್‌ಮನ್‌ಗಳು, ಸೊಪ್ಪು ಮಾರುವವರು, ಶಾಲೆಗೆ ಹೋಗುವ ಹಳ್ಳಿ ಹುಡುಗಿಯರು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 1,68,491 ಮಂದಿ ಎನ್ನುತ್ತದೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ. ಅವರಲ್ಲಿ 4 ಸಾವಿರಕ್ಕೂ ಹೆಚ್ಚು ಜನ ಸೈಕಲ್ ಮೇಲಿದ್ದವರು. ಫೋನ್ ಬಳಕೆಯಿಂದಾದ ಸಾವು ಅಂತ ದಾಖಲಾದದ್ದು 3 ಸಾವಿರಕ್ಕೂ ಹೆಚ್ಚು. ಈ ಎರಡನೇ ಸಂಖ್ಯೆಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಗುದ್ದಿದವನು ತಾನಾಗಿ ‘ಫೋನ್ ನೋಡುತ್ತಿದ್ದೆ’ ಅಂತ ಬರೆಸುವುದಿಲ್ಲ. ಎಫ್‌ಐಆರ್‌ನಲ್ಲಿ ಬರುವುದು ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’ ಅನ್ನುವ ಹಳೇ ಸಾಲು.

ಸೈಕಲ್ಲಿನವರಿಗೆ ಹಿಂದಿನಿಂದ ಬೀಳುವ ಗುದ್ದು ಒಂದೇ ಅಲ್ಲ. ಓವರ್‌ಟೇಕ್ ಮಾಡಿ ತಕ್ಷಣ ಎಡಕ್ಕೆ ತಿರುಗುವ ಗಾಡಿ ದಾರಿಗೆ ಅಡ್ಡ ಬರುತ್ತದೆ. ನಿಂತ ಕಾರಿನ ಬಾಗಿಲು ಧಡಕ್ಕನೆ ತೆರೆಯುತ್ತದೆ. ಈ ಬಾಗಿಲಿನ ಕಾಟಕ್ಕೆ ಒಂದು ಸುಲಭದ ಉಪಾಯ ಇದೆ. ಚಾಲಕ ಬಾಗಿಲನ್ನು ಬಲಗೈ ಬದಲು ಎಡಗೈಯಿಂದ ತೆರೆಯಬೇಕು. ಎಡಗೈ ಚಾಚಿದಾಗ ಮೈ ತಾನಾಗಿ ಬಲಕ್ಕೆ ತಿರುಗುತ್ತದೆ, ಹಿಂದೆ ಬರುವವರು ಕಾಣುತ್ತಾರೆ. ನೆದರ್‌ಲೆಂಡ್ಸ್‌ನವರ ರೂಢಿ ಅಂತ ಹೆಸರಾಗಿದೆ. ಅಲ್ಲಿ ಚಾಲಕ ಕೂರುವುದು ಎಡಗಡೆ, ಹಾಗಾಗಿ ಅವರದು ಬಲಗೈ.

ಕಾನೂನು ಅಳೆಯುವುದು ಹೆಣವನ್ನಲ್ಲ, ಮನಸ್ಸನ್ನು

‘ಒಂದು ಜೀವ ಹೋಗಿದೆ, ಕೊಲೆ ಕೇಸ್ ಯಾಕೆ ಹಾಕಲಿಲ್ಲ?’ ಸಿಟ್ಟಿನ ಈ ಪ್ರಶ್ನೆ ಸಹಜ. ಉತ್ತರ ಇಲ್ಲಿದೆ. ನಮ್ಮ ಕ್ರಿಮಿನಲ್ ಕಾನೂನು ಆದ ಅನಾಹುತವನ್ನಷ್ಟೇ ನೋಡುವುದಿಲ್ಲ. ಆ ಹೊತ್ತಿಗೆ ಮಾಡಿದವನ ತಲೆಯಲ್ಲಿ ಏನಿತ್ತು ಅಂತ ಕೇಳುತ್ತದೆ. ಅದು ಮೂರು ಮೆಟ್ಟಿಲು ಅಂದುಕೊಳ್ಳಿ.

ಮಹಡಿ ಮೇಲಿನ ಹೂಕುಂಡ ಬಿದ್ದು ಕೆಳಗೆ ಹೋಗುತ್ತಿದ್ದವರು ಸತ್ತರು ಅಂತ ಇಟ್ಟುಕೊಳ್ಳೋಣ. ಅಂಚಿನಲ್ಲಿ ಜಾರುವಂತೆ ಇಟ್ಟು ಮರೆತಿದ್ದರೆ ಅದು ನಿರ್ಲಕ್ಷ್ಯ. ಕೆಳಗೆ ಸಂತೆ ನಡೆಯುತ್ತಿದೆ, ಯಾರ ತಲೆ ಮೇಲಾದರೂ ಬಿದ್ದೀತು ಅಂತ ಚೆನ್ನಾಗಿ ಗೊತ್ತಿದ್ದೂ ಎಸೆದಿದ್ದರೆ ಅದು ಅರಿವಿದ್ದು ಮಾಡಿದ್ದು. ಇಂಥವನ ತಲೆಗೇ ಬೀಳಲಿ ಅಂತ ಗುರಿಯಿಟ್ಟು ಎಸೆದಿದ್ದರೆ ಅದು ಉದ್ದೇಶ. ಕುಂಡ ಒಂದೇ, ಸಾವು ಒಂದೇ, ಅಪರಾಧ ಮಾತ್ರ ಮೂರು ಬಗೆ.

ರಸ್ತೆ ಸಾವುಗಳ ಹೆಚ್ಚಿನ ಕೇಸುಗಳು ಮೊದಲ ಮೆಟ್ಟಿಲಿನಲ್ಲೇ ನಿಲ್ಲುತ್ತವೆ. ಹಳೆಯ ದಂಡ ಸಂಹಿತೆಯ 304ಎ ಕಲಂ ಇದಕ್ಕಾಗಿಯೇ ಇತ್ತು. ಹೆಚ್ಚೆಂದರೆ 2 ವರ್ಷ ಜೈಲು. ಅದನ್ನು ಸೇರಿಸಿದ್ದು 1870ರಲ್ಲಿ, ಕಾರು ಅನ್ನುವುದೇ ಇಲ್ಲದ ಕಾಲದಲ್ಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 106(1) ಆಗಿದೆ, ಗರಿಷ್ಠ ಶಿಕ್ಷೆ 5 ವರ್ಷಕ್ಕೆ ಏರಿದೆ. ಆದರೂ ಇದು ಜಾಮೀನು ಸಿಗುವ ಅಪರಾಧವೇ. ಠಾಣೆಯಲ್ಲೇ ಜಾಮೀನು ಕೊಟ್ಟು ಕಳಿಸಿದರೆ ಪೊಲೀಸರು ಲಂಚ ತಿಂದರು ಅಂತ ಅರ್ಥವಲ್ಲ, ಕಾನೂನೇ ಹಾಗಿದೆ.

ಎರಡನೇ ಮೆಟ್ಟಿಲು ಸಂಹಿತೆಯ 105ನೇ ಕಲಂ, ಕೊಲೆಯಲ್ಲದ ದಂಡನೀಯ ನರಹತ್ಯೆ. ಸಾವು ಸಂಭವಿಸಬಹುದು ಅನ್ನುವ ಅರಿವಿದ್ದೂ ಮಾಡಿದ್ದಕ್ಕೆ ಇಲ್ಲಿ 10 ವರ್ಷದವರೆಗೂ ಜೈಲಾಗಬಹುದು, ಜಾಮೀನು ಹಕ್ಕಾಗಿ ಸಿಗುವುದಿಲ್ಲ. 2006ರ ನವೆಂಬರಿನಲ್ಲಿ ಮುಂಬೈನ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಕುಡಿದು ಓಡಿಸಿದ ಕಾರೊಂದು ಫುಟ್‌ಪಾತಿನಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಹರಿದು 7 ಜನ ಸತ್ತರು. ಕೆಳ ಕೋರ್ಟ್ ಅದನ್ನು ನಿರ್ಲಕ್ಷ್ಯ ಅಂತ ಕಂಡು 6 ತಿಂಗಳ ಶಿಕ್ಷೆ ಕೊಟ್ಟಿತು. ಬಾಂಬೆ ಹೈಕೋರ್ಟ್ ಎರಡನೇ ಮೆಟ್ಟಿಲಿಗೆ ಏರಿಸಿ 3 ವರ್ಷ ಮಾಡಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ಫೋನ್ ನೋಡುತ್ತಾ ಗುದ್ದಿದವನು ಯಾವ ಮೆಟ್ಟಿಲು? ಕುಡಿದವನ ಹಾಗೆ ಅವನಿಗೂ ಅಪಾಯ ಗೊತ್ತಿರುತ್ತದಲ್ಲ ಅಂತ ವಾದಿಸಬಹುದು. ಆದರೆ ‘ಎಚ್ಚರ ತಪ್ಪಿದ’ ಅನ್ನುವುದರಿಂದ ‘ಸಾಯುತ್ತಾರೆ ಅಂತ ಗೊತ್ತಿತ್ತು’ ಅನ್ನುವವರೆಗೆ ಹೋಗಲು ಗಟ್ಟಿ ಸಾಕ್ಷ್ಯ ಬೇಕು. ಬ್ರಿಟನ್ನಿನಲ್ಲಿ ಈ ನಡುವಿನ ಜಾಗಕ್ಕೆ ಬೇರೆ ವ್ಯವಸ್ಥೆ ಇದೆ. ಚಾಲನೆಯನ್ನೇ ಎರಡು ದರ್ಜೆ ಮಾಡಿದ್ದಾರೆ. ಒಬ್ಬ ಎಚ್ಚರದ ಚಾಲಕನ ಮಟ್ಟಕ್ಕಿಂತ ಕೆಳಗಿದ್ದರೆ ‘ಅಜಾಗರೂಕ’, ತೀರಾ ಕೆಳಗಿದ್ದರೆ ‘ಅಪಾಯಕಾರಿ’. ಮೊದಲನೆಯದರಿಂದ ಸಾವಾದರೆ ಗರಿಷ್ಠ 5 ವರ್ಷ. ಎರಡನೆಯದಕ್ಕೆ 2022ರಿಂದ ಜೀವಾವಧಿವರೆಗೂ ಕೊಡಬಹುದು. ಅಲ್ಲಿ ಕೋರ್ಟು ಮೊದಲು ನೋಡುವುದು ಗಾಡಿ ಓಡಿಸಿದ ರೀತಿಯನ್ನು. ನನಗೆ ಇದು ಹೆಚ್ಚು ಪ್ರಾಮಾಣಿಕವಾದ ಅಳತೆ ಅನ್ನಿಸುತ್ತದೆ.

‘5 ವರ್ಷದವರೆಗೆ’ ಅನ್ನುವುದರಲ್ಲಿ ‘ವರೆಗೆ’ ಮುಖ್ಯ

ಸುದ್ದಿಯಲ್ಲಿ ಬರುವುದು ಗರಿಷ್ಠ ಶಿಕ್ಷೆ. ಕೋರ್ಟಿನಲ್ಲಿ ನಿಜವಾಗಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಪಂಜಾಬಿನ ಒಂದು ಕೇಸಿನಲ್ಲಿ ಇಬ್ಬರು ಸತ್ತಿದ್ದರು. ಕೆಳ ಕೋರ್ಟ್ 1 ವರ್ಷ ಕೊಟ್ಟಿತ್ತು. ಹೈಕೋರ್ಟ್ ಅದನ್ನು ಆಗಲೇ ಕಳೆದಿದ್ದ 24 ದಿನಕ್ಕೆ ಇಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್ 6 ತಿಂಗಳಿಗೆ ಏರಿಸಿ, 304ಎ ಕಲಮಿನ ಶಿಕ್ಷೆಯನ್ನು ಶಾಸನ ಮಾಡುವವರು ಮತ್ತೆ ಪರಿಶೀಲಿಸಬೇಕು ಅಂದಿತು. ಒಂದೇ ತಪ್ಪು, ಮೂರು ಕೋರ್ಟು, ಮೂರು ಅಳತೆ. ನ್ಯಾಯವಾದ ಶಿಕ್ಷೆ ಎಷ್ಟು ಅನ್ನುವುದರಲ್ಲಿ ನ್ಯಾಯಾಧೀಶರಿಗೇ ಒಮ್ಮತ ಇಲ್ಲ ಅಂದಮೇಲೆ ನಮ್ಮ ಟೀ ಅಂಗಡಿ ಚರ್ಚೆ ಮುಗಿಯದಿರುವುದರಲ್ಲಿ ಆಶ್ಚರ್ಯ ಏನಿದೆ?

ನಿಲ್ಲಬೇಕೋ, ಓಡಬೇಕೋ?

ಹೊಸ ಸಂಹಿತೆಯಲ್ಲಿ 106(2) ಅಂತ ಇನ್ನೊಂದು ಉಪಕಲಂ ಇದೆ. ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಜೈಲು. 2024ರ ಜನವರಿ ಮೊದಲ ವಾರ ಪೆಟ್ರೋಲ್ ಬಂಕುಗಳ ಮುಂದೆ ಉದ್ದುದ್ದ ಸಾಲು ನಿಂತದ್ದು ನೆನಪಿರಬಹುದು. ಈ ಉಪಕಲಂ ವಿರೋಧಿಸಿ ದೇಶದ ಹಲವು ಕಡೆ ಲಾರಿ ಚಾಲಕರು ಮುಷ್ಕರ ಹೂಡಿದ್ದರು. ಕೇಂದ್ರ ಸರ್ಕಾರ ಅದನ್ನು ತಡೆಹಿಡಿಯಿತು. ಸಂಹಿತೆ ಜಾರಿಗೆ ಬಂದಾಗ ಈ ಒಂದು ಉಪಕಲಂ ಬಿಟ್ಟು ಉಳಿದದ್ದೆಲ್ಲ ಜಾರಿಗೆ ಬಂತು.

ಚಾಲಕರ ವಾದ ಸರಳ. ‘ನಿಂತರೆ ಜನ ಹೊಡೆದು ಸಾಯಿಸುತ್ತಾರೆ.’ ಇದು ಬರೀ ನೆಪವೂ ಅಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು ಚಾಲಕನ ಕರ್ತವ್ಯ ಎನ್ನುವ ಮೋಟಾರು ವಾಹನ ಕಾಯ್ದೆಯ 134ನೇ ಕಲಮೇ, ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಕೊಡುತ್ತದೆ. ಆದರೆ ವಿನಾಯಿತಿ ಪರಾರಿಯಾಗುವುದಕ್ಕಲ್ಲ. ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ಹೋಗಿ ತಿಳಿಸಲೇಬೇಕು. ಇನ್ನೊಂದು ಕಡೆ, ಮೊದಲ ಒಂದು ಗಂಟೆಯ ಚಿಕಿತ್ಸೆಯ ಮೇಲೆ ಸೈಕಲ್ ಸವಾರನ ಜೀವ ನಿಂತಿರುತ್ತದೆ. ಓಡಿಹೋದವನು ಕಿತ್ತುಕೊಳ್ಳುವುದು ಆ ಗಂಟೆಯನ್ನು.

ಜೈಲು ಒಂದು ಕಡೆ, ದುಡ್ಡು ಇನ್ನೊಂದು ಕಡೆ

ಸತ್ತವರ ಮನೆಯವರಿಗೆ ಸಂಬಂಧಪಟ್ಟ ಮುಖ್ಯ ಕೆಲಸ ಕ್ರಿಮಿನಲ್ ಕೋರ್ಟಿನಲ್ಲಿ ನಡೆಯುವುದೇ ಇಲ್ಲ. ಅದು ನಡೆಯುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅಲ್ಲಿ ಲೆಕ್ಕ ಹೇಗೆ ಹಾಕುತ್ತಾರೆ ಅಂತ ಒಂದು ಊಹೆಯ ಉದಾಹರಣೆಯಿಂದ ನೋಡೋಣ.

38 ವರ್ಷದ ತೋಟದ ಕೆಲಸಗಾರ. ಸೈಕಲ್ಲಿನಲ್ಲಿ ಹೋಗುವಾಗ ಕಾರು ಗುದ್ದಿ ಸತ್ತ. ತಿಂಗಳ ದುಡಿಮೆ 15,000 ರೂಪಾಯಿ, ವರ್ಷಕ್ಕೆ 1,80,000. ಬದುಕಿದ್ದರೆ ಸಂಪಾದನೆ ಏರುತ್ತಿತ್ತು ಅಂತ ಈ ವಯಸ್ಸಿಗೆ ಶೇ 40 ಸೇರಿಸುತ್ತಾರೆ. 2,52,000 ಆಯಿತು. ಅವನನ್ನೇ ನಂಬಿದವರು ನಾಲ್ಕು ಜನ ಇದ್ದರೆ, ಅವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 36ರಿಂದ 40ರವರಿಗೆ ಅದು 15. ಒಟ್ಟು 28,35,000. ಅಂತ್ಯಕ್ರಿಯೆ ಖರ್ಚು, ಹೆಂಡತಿ ಮಕ್ಕಳು ಕಳೆದುಕೊಂಡ ಆಸರೆಗೆ ಇನ್ನಷ್ಟು. ಈ ಸೂತ್ರ ಬಂದದ್ದು 2009 ಮತ್ತು 2017ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದ.

ಇಷ್ಟು ದುಡ್ಡನ್ನು ಕೊಡುವವರು ಸಾಮಾನ್ಯವಾಗಿ ಚಾಲಕರಲ್ಲ, ವಿಮಾ ಕಂಪನಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರುವುದೇ ಇದಕ್ಕೆ. ಗುದ್ದಿದವನು ಬಡವನಾದರೂ ನೊಂದವರಿಗೆ ಪರಿಹಾರ ಸಿಗಲಿ ಅಂತ. ಆ ಮಟ್ಟಿಗೆ ಒಳ್ಳೆಯದೇ. ಆದರೆ ತಪ್ಪು ಮಾಡಿದವನ ಜೇಬಿಗೆ ಇದರ ಬಿಸಿ ತಟ್ಟುವುದು ಕಡಿಮೆ. ತಪ್ಪು ಯಾರದು ಅಂತ ಸಾಬೀತು ಮಾಡುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ ದಾರಿಯೂ ಕಾಯ್ದೆಯಲ್ಲಿದೆ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ನೆದರ್‌ಲೆಂಡ್ಸ್ ಇನ್ನೊಂದು ಹೆಜ್ಜೆ ಮುಂದಿದೆ. ಅಲ್ಲಿ ಕಾರಿಗೂ ಸೈಕಲ್ಲಿಗೂ ಡಿಕ್ಕಿಯಾದರೆ ಪರಿಹಾರದ ಹೊಣೆ ಮೊದಲು ಕಾರಿನ ಕಡೆಯವರದು. ಸೈಕಲ್ಲಿನಲ್ಲಿದ್ದದ್ದು 14 ವರ್ಷದೊಳಗಿನ ಮಗುವಾದರೆ, ಮಗು ತಪ್ಪು ದಾರಿಯಲ್ಲಿ ಬಂದಿದ್ದರೂ ಹೆಚ್ಚುಕಡಿಮೆ ಪೂರ್ತಿ ನಷ್ಟ ಕಾರಿನ ಕಡೆಯವರೇ ತುಂಬಬೇಕು. ಇದು ಪರಿಹಾರದ ಹೊಣೆ ಮಾತ್ರ, ಜೈಲಿನದ್ದಲ್ಲ. ಇವೆರಡನ್ನೂ ಕಲಸಿ ‘ಅಲ್ಲಿ ಯಾವಾಗಲೂ ಕಾರಿನವರದೇ ತಪ್ಪು’ ಅನ್ನುವವರು ಬಹಳ.

ಗುದ್ದುವ ಮುಂಚೆ

ಕೈಯಲ್ಲಿ ಫೋನ್ ಹಿಡಿದು ಓಡಿಸುವುದೇ ಅಪರಾಧ, ಯಾರಿಗೂ ಏನೂ ಆಗಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯ 184ನೇ ಕಲಂ 2019ರ ತಿದ್ದುಪಡಿಯಿಂದ ಇದನ್ನು ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿದೆ. ಮೊದಲ ಸಲ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಬೀದಿಯಲ್ಲಿ ನಡೆಯುವುದು ದಂಡ ಮಾತ್ರ. ನಮ್ಮಲ್ಲಿ ಅದಕ್ಕೂ ಸೀಸನ್ ಇದೆ. 2023ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಜನ ಸಾಲು ನಿಂತು ಕಟ್ಟಿದರು. ಕಾದವನೇ ಜಾಣ ಅಂತಾಯಿತು.

ಅಪಘಾತ ಆದ ಮೇಲೆ ಫೋನ್ ಬಳಕೆ ಸಾಬೀತು ಮಾಡುವುದು ಇನ್ನೊಂದು ಕಷ್ಟ. ಕರೆ ಮಾಡಿದ್ದರೆ ಕಂಪನಿಯ ದಾಖಲೆಯಲ್ಲಿ ಸಮಯ ಇರುತ್ತದೆ. ರೀಲ್ಸ್ ಸರಿಸುತ್ತಿದ್ದರೆ, ಫೋಟೊ ನೋಡುತ್ತಿದ್ದರೆ ಅಷ್ಟು ಸ್ಪಷ್ಟ ಗುರುತು ಆ ಕರೆಪಟ್ಟಿಯಲ್ಲಿ ಇರುವುದಿಲ್ಲ. ಫೋನನ್ನೇ ವಶಪಡಿಸಿಕೊಂಡು ಪರೀಕ್ಷೆಗೆ ಕಳಿಸಬೇಕು.

ಇದೆಲ್ಲದರ ನಡುವೆ ಚಾಲಕನಿಗೆ ನಿಜವಾಗಿ ಚುರುಕು ಮುಟ್ಟಿಸುವುದು ಲೈಸೆನ್ಸ್ ಅಂತ ನನ್ನ ಅನಿಸಿಕೆ. ಫೋನ್ ಬಳಸಿ ಓಡಿಸಿದವರ ಲೈಸೆನ್ಸನ್ನು ಕನಿಷ್ಠ 3 ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಬ್ರಿಟನ್ನಿನಲ್ಲಿ ಅಜಾಗರೂಕತೆಯಿಂದ ಸಾವಾದರೆ ಕನಿಷ್ಠ 1 ವರ್ಷ ಗಾಡಿ ಮುಟ್ಟುವಂತಿಲ್ಲ, ಜೈಲಾಗಲಿ ಬಿಡಲಿ. ನಮ್ಮಲ್ಲಿ ಠಾಣೆಯಿಂದ ಜಾಮೀನಿನ ಮೇಲೆ ಹೊರಬಂದವನು, ಆರ್‌ಟಿಒ ಅಮಾನತು ಮಾಡದಿದ್ದರೆ, ಅದೇ ಲೈಸೆನ್ಸ್ ಇಟ್ಟುಕೊಂಡು ಗಾಡಿ ಓಡಿಸಬಹುದು.

ಇನ್ನೊಂದು ಸಣ್ಣ ವಿಷಯ. 2020ರ ಅಕ್ಟೋಬರ್ 1ರಿಂದ ನಿಯಮ ಬದಲಾಗಿದೆ. ಗಮನಕ್ಕೆ ಭಂಗ ಬರದ ಹಾಗೆ ದಾರಿ ನೋಡಿಕೊಳ್ಳಲು ಮಾತ್ರ ಫೋನ್ ಬಳಸಬಹುದು.

ಆ ಭಾನುವಾರ ನಾನು ದೂರು ಕೊಡಲಿಲ್ಲ. ಹುಡುಗ ನನ್ನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ತಿರುಚಿಹೋಗಿದ್ದ ಹ್ಯಾಂಡಲ್ ನೆಟ್ಟಗೆ ಮಾಡಿಕೊಟ್ಟ. ಎರಡು ಸಲ ಸಾರಿ ಹೇಳಿದ. ಆಮೇಲೆ ಕಾರಿಗೆ ಹತ್ತಿ ಫೋನನ್ನು ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿಗೆ ಸಿಕ್ಕಿಸಿ ಮ್ಯಾಪ್ ತೆರೆದ. ಅವನು ಗೇರ್ ಹಾಕುವಷ್ಟರಲ್ಲಿ ಮ್ಯಾಪಿನ ನೀಲಿ ಗೆರೆಯ ಮೇಲೆ ಇನ್ನೊಂದು ಮದುವೆ ಫೋಟೊ ಬಂದು ಕೂತಿತು.